ಶ್ವಾನಸ್ನೇಹಿ ಕಾಟೇಜಿನ ಮಾಲೀಕರಿಗೆ ಮುಧೋಳದಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ಸಮುದ್ರಕ್ಕೆ ಅಂಟಿಕೊಂಡಿರುವ ನಿಮ್ಮ ಕಾಟೇಜಿನಲ್ಲಿ ನಾಯಿಗಳಿಗೂ ಸುಸ್ವಾಗತವಿದೆ ಎಂಬ ಜಾಹೀರಾತು ನೋಡಿ, ಹಿಂದೆಮುಂದೆ ನೋಡದೆ ಅಡ್ವಾನ್ಸ್ ಕಳಿಸಿದೆ. ಹುಬ್ಬಳ್ಳಿ ದಾಟಿ ಅರಬೈಲ್ ಘಟ್ಟ ಇಳಿಯುವ ಲೆಕ್ಕಾಚಾರದಲ್ಲಿದ್ದಾಗ ನಿಮ್ಮ ಫೋನ್ ಬಂತು.

“ಯಾವ ಬ್ರೀಡ್ ಸರ್?”

“ಮುಧೋಳ ರೀ.”

“ಊರು ಕೇಳಿದ್ದಲ್ಲ ಮಾರಾಯ್ರೆ, ಬ್ರೀಡು.”

ಫೋಟೊ ಕಳಿಸಿದ ಮೇಲೆ ನಿಮ್ಮ ದನಿಯೇ ಬದಲಾಯಿತು. ಹೊಟ್ಟೆಗೆ ಸರಿಯಾಗಿ ಹಾಕುತ್ತಿಲ್ಲವೇ ಎಂದು ಕೇಳಿದಿರಿ. ಉಳಿದ ಅತಿಥಿಗಳಿಗೆ ಕಸಿವಿಸಿಯಾದೀತು ಎಂದಿರಿ. ಹತ್ತು ಕಿಲೋದೊಳಗಿನ ಸಣ್ಣ ತಳಿ ಮಾತ್ರ ಎಂಬ ನಿಯಮವೂ ಆಗಲೇ ಹೊರಬಿತ್ತು. ಸ್ವಾಮಿ, ಬೆನ್ನಿಗೆ ಹತ್ತಿದ ಹೊಟ್ಟೆ, ಎಣಿಸಲು ಸಿಗುವ ಪಕ್ಕೆಲುಬು ಹಸಿವಿನ ಗುರುತಲ್ಲ, ಓಟದ ಗುರುತು. ಬೆಳಗಿನ ಹೊತ್ತು ಹಾಲಿನಲ್ಲಿ ಮುರಿದು ಹಾಕಿದ ಜೋಳದ ರೊಟ್ಟಿ ತಿಂದು, ತಟ್ಟೆಯನ್ನು ಬೆಳಗಿಟ್ಟಂತೆ ನೆಕ್ಕಿ, ಅದು ಹೊಲದ ಬದುವಿನ ಮೇಲೆ ಹೋಗಿ ನಿಲ್ಲುತ್ತದೆ. ಎಲ್ಲೋ ದೂರದಲ್ಲಿ ಮೊಲವೊಂದು ಕಿವಿ ಅಲ್ಲಾಡಿಸಿದರೆ ಮೊದಲು ಕುತ್ತಿಗೆ ಸೆಟೆಯುತ್ತದೆ. ಆಮೇಲೆ ನಮಗೆ ಕಾಣುವುದು ಬರೀ ಧೂಳು.

ಶಿಫಾರಸು ಬೇಕಿದ್ದರೆ ಅದಕ್ಕೂ ಕೊರತೆಯಿಲ್ಲ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯ ಒಂದು ಜೋಡಿಯನ್ನು ದೊರೆ ಐದನೇ ಜಾರ್ಜ್‌ಗೆ ಉಡುಗೊರೆ ಕೊಟ್ಟರು. ಈಗಿನ ಹೆಸರಿಟ್ಟವನೂ ಅವನೇ ಎನ್ನುತ್ತಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. 2016ರಲ್ಲಿ ನಮ್ಮ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. 2018ರ ಚುನಾವಣೆಯಲ್ಲಿ ಜಮಖಂಡಿಗೆ ಬಂದ ಪ್ರಧಾನಿಗಳು ದೇಶಭಕ್ತಿಯನ್ನು ಇದರಿಂದ ಕಲಿಯಿರಿ ಎಂದು ವಿರೋಧಿಗಳಿಗೆ ಹೇಳಿದರು. 2020ರಲ್ಲಿ ‘ಮನದ ಮಾತು’ ರೇಡಿಯೊ ಭಾಷಣದಲ್ಲೂ ನೆನೆದರು. ದಿಲ್ಲಿ ಒಪ್ಪಿತು, ಲಂಡನ್ ಒಪ್ಪಿತು. ನಿಮ್ಮ ಗೇಟಿನಲ್ಲಿ ಫೇಲಾಯಿತು.

ಪಾಸಾಗಿದ್ದರೂ ಏನು ಸಿಗುತ್ತಿತ್ತೆಂದು ನಿಮ್ಮ ನಿಯಮಾವಳಿ ಓದಿದೆ. ನಾಯಿ ಹಾಸಿಗೆ ಏರುವಂತಿಲ್ಲ, ಈಜುಕೊಳದ ಬಳಿ ಸುಳಿಯುವಂತಿಲ್ಲ, ಊಟದ ಹಾಲಿಗೆ ಬರುವಂತಿಲ್ಲ, ರಾತ್ರಿ ವರಾಂಡದಲ್ಲೇ ಕಟ್ಟಬೇಕು. ಸ್ನೇಹ ಎಲ್ಲಿದೆ ಎಂದು ಹುಡುಕಿದರೆ ಬಿಲ್ಲಿನಲ್ಲಿ ಸಿಕ್ಕಿತು: ಪೆಟ್ ಚಾರ್ಜು, ಕ್ಲೀನಿಂಗ್ ಚಾರ್ಜು, ಮೇಲೊಂದು ಡಿಪಾಸಿಟ್ಟು. ಬೊಗಳಿದರೆ ದಂಡವಂತೆ. ನಮ್ಮದು ಕಾರಣವಿಲ್ಲದೆ ಬಾಯಿ ಬಿಡುವುದಿಲ್ಲ. ಆ ದಂಡವನ್ನು ನಡುರಾತ್ರಿ ಹಾಡು ಹಚ್ಚಿ ಕುಣಿಯುವ ಪಕ್ಕದ ರೂಮಿನವರಿಂದ ವಸೂಲಿ ಮಾಡಿ.

ನಮ್ಮವರೇನೂ ಕಡಿಮೆಯಿಲ್ಲ. ವೇದಿಕೆ ಹತ್ತಿದರೆ ‘ಮುಧೋಳದ ಹೆಮ್ಮೆ’, ಇಳಿದು ಮನೆಗೆ ಬಂದರೆ ಆ ಹೆಮ್ಮೆಯ ಕುತ್ತಿಗೆಗೆ ಬೇವಿನ ಮರದಡಿ ಮೊಳದುದ್ದದ ಸರಪಳಿ. ಇಲ್ಲಿಂದ ಮರಿ ಒಯ್ದ ಬೆಂಗಳೂರಿನ ದೊಡ್ಡವರು ಅದನ್ನು ಒಂಬತ್ತನೇ ಮಹಡಿಯಲ್ಲಿ ಸಾಕಿ, ವರ್ಷಕ್ಕೊಮ್ಮೆ ಓಡಿಸಲು ನಿಮ್ಮ ಬೀಚಿಗೆ ಕರೆತರುತ್ತಾರೆ.

ಇರಲಿ, ನೀವೇ ಒಮ್ಮೆ ಈ ಕಡೆ ಬನ್ನಿ. ಸಾಗರ ನಮ್ಮಲ್ಲೂ ಇದೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಹೆಸರು ಶ್ರಮಬಿಂದು ಸಾಗರ. ಬೀಳಗಿ ಕಡೆಯಂತೂ ಆಲಮಟ್ಟಿಯ ಹಿನ್ನೀರು ಹೊಸ್ತಿಲಿಗೇ ಬಂದು ಊರೂರನ್ನೇ ಎಬ್ಬಿಸಿ ಕಳಿಸಿದೆ. ‘ವಾಟರ್ ವ್ಯೂ’ ಎಂದು ಹೆಚ್ಚಿನ ಬಾಡಿಗೆ ಕೇಳಲು ಅಲ್ಲಿನವರಿಗೆ ತೋಚಲಿಲ್ಲ, ಪಾಪ. ರಬಕವಿ-ಬನಹಟ್ಟಿಯ ಮಗ್ಗದಿಂದ ಬಂದ ಸೀರೆ ಉಟ್ಟು ಹಳೆಯದಾದರೆ ಕೌದಿಯಾಗುತ್ತದೆ. ನಮ್ಮನೆಯಲ್ಲಿ ಅದರ ಒಂದು ಮೂಲೆ ನಾಯಿಯದು. ಅಲ್ಲೇ ನಿಮಗೂ ಜಾಗ ಮಾಡಿಕೊಡುತ್ತೇವೆ. ಕ್ಲೀನಿಂಗ್ ಚಾರ್ಜಿಲ್ಲ. ನಿಮ್ಮನ್ನು ತೂಕಕ್ಕೂ ಹಾಕುವುದಿಲ್ಲ.

ಇಂತಿ,
ಮುಧೋಳ ತಾಲ್ಲೂಕಿನ ಒಬ್ಬ ರೈತ

ತಾ.ಕ.: ಬುಕಿಂಗ್ ರದ್ದು ಮಾಡಿದವರು ನೀವೇ ಆದರೂ ಅಡ್ವಾನ್ಸ್ ವಾಪಸಿಲ್ಲ ಎಂದಿರಿ. ಆಗಲಿ. ನಿಮ್ಮ ಗೇಟಿನಾಚೆ ಮರಳಿನಲ್ಲಿ ಮಲಗಿ ರಾತ್ರಿಯಿಡೀ ಬಿಟ್ಟಿ ಕಾವಲು ಕಾಯುವ ಬೀದಿನಾಯಿಗಳಿಗೆ ಆ ದುಡ್ಡಿನಲ್ಲಿ ಅನ್ನ ಹಾಕಿಸಿ, ರಸೀದಿ ನನಗೆ ಕಳಿಸಿ.