‘ಮೊದಲು ಬಿಸಿಲಿಗೆ ಹಾಕಿ, ಆಮೇಲೆ ಮಾತಾಡೋಣ’

ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಮುಗಿದ ವಾರ, ಅಲ್ಲೇ ಹತ್ತಿರದ ಮನೆಯೊಂದರ ಅಟ್ಟದಿಂದ ಕರಿಕಂಬಳಿಯೊಂದು ಕೆಳಗಿಳಿಯಿತು. ಮನೆಯಲ್ಲಿರುವವರು ಇಬ್ಬರೇ, ಎಂಬತ್ತು ದಾಟಿದ ಅಜ್ಜ ಮತ್ತು ಅಜ್ಜಿ. ಮಗ ಡಲ್ಲಾಸ್‌ನಲ್ಲಿ, ಮಗಳು ಪುಣೆಯಲ್ಲಿ. ಕಂಬಳಿಯ ಹುಟ್ಟೂರು ಚಳ್ಳಕೆರೆ. ಮೈಯಂತೆ ಮಾತೂ ಸ್ವಲ್ಪ ಚುಚ್ಚುತ್ತದೆ.

ಪ್ರಶ್ನೆ: ನಮಸ್ಕಾರ. ಹೇಗಿದ್ದೀರಿ?

ಕಂಬಳಿ: ನುಸಿಗುಳಿಗೆ ವಾಸನೆ ಹೊಡೀತಾ ಇದೀನಿ, ಕಾಣಲ್ವೇನಪ್ಪ? ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ಕೊಡವಿ, ಆಮೇಲೆ ಹೊದಿಸಬೇಕು. ಇಲ್ಲದಿದ್ದರೆ ಅಜ್ಜನಿಗೆ ಚಳಿಗಿಂತ ಮುಂಚೆ ನನ್ನ ಧೂಳಿಗೇ ಉಬ್ಬಸ ಬರುತ್ತೆ. ಆದರೆ ನಾನು ಆರು ಕಿಲೋ ಇದೀನಿ. ತಾರಸಿಗೆ ಹೊತ್ತುಕೊಂಡು ಹೋಗೋರು ಯಾರು?

ಪ್ರಶ್ನೆ: ತಮ್ಮ ಹಿನ್ನೆಲೆ?

ಕಂಬಳಿ: ಡೆಕ್ಕನಿ ಕುರಿ ಉಣ್ಣೆ. ಹುಣಸೆಬೀಜದ ಸರಿ ಕುಡಿದು ಗಟ್ಟಿಯಾದ ಮೈ. ದೇವರ ಗದ್ದಿಗೆಗೆ ಹಾಸೋದು ನನ್ನನ್ನೇ. ಈಗ ನನ್ನ ಜಾಗಕ್ಕೆ ಡಲ್ಲಾಸ್‌ನಿಂದ ಒಂದು ನುಣುಪು ಹೊದಿಕೆ ಬಂದಿದೆ. ಅದರ ತುಂಬ ಮೊಮ್ಮಗನ ಫೋಟೋ ಅಚ್ಚು ಹಾಕಿಸಿದ್ದಾರೆ. ಹೊದ್ದರೆ ಕೂಸಿನ ಮುಖಕ್ಕೆ ಕಾಲು ತಗಲುತ್ತೆ ಅಂತ ಅಜ್ಜಿ ಅದನ್ನ ಮಡಿಸಿ ಬೀರುವಿನಲ್ಲಿಟ್ಟು, ಎರಡು ಹಳೇ ಸೀರೆ ಸೇರಿಸಿ ಹೊದ್ದು ಮಲಗ್ತಾಳೆ.

ಪ್ರಶ್ನೆ: ಬೆಂಗಳೂರಿನದೂ ಒಂದು ಚಳಿಯೇ ಅಂತ ಕೇಳುವವರಿದ್ದಾರಲ್ಲ?

ಕಂಬಳಿ: ಮಗನೂ ಅದೇ ಅಂತಾನೆ. ಈ ಊರಲ್ಲಿ 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದಿತ್ತು, ಈಗ ಅಷ್ಟಿಲ್ಲ, ಒಪ್ಪಿದೆ. ಆದರೆ ಅವನು ಕೂತಿರೋದು ಬೆಚ್ಚಗೆ ಕಾಯಿಸಿದ ಮನೆಯಲ್ಲಿ. ಇಲ್ಲಿ ಕೆಳಗೆ ಮೊಸಾಯಿಕ್ ನೆಲ, ಮೇಲೆ ಮುಚ್ಚೋಕೇ ಬರದ ವೆಂಟಿಲೇಟರ್. ಚಳಿಗಾಲದಲ್ಲಿ ಮನೆಯೊಳಗೆ 18 ಡಿಗ್ರಿಯಾದರೂ ಇರಲಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಇನ್ನು ವಯಸ್ಸಾದವರ ಮೈ ಒಂದು ವಿಚಿತ್ರ. ಚರ್ಮದಡಿಯ ಕೊಬ್ಬು ಕರಗಿರುತ್ತೆ, ನಡುಕವೂ ಬೇಗ ಹುಟ್ಟಲ್ಲ. ‘ಚಳಿಯಾಗುತ್ತಾ ಅಪ್ಪಾ?’ ಅಂದರೆ ‘ಇಲ್ಲಪ್ಪ’ ಅಂತಾರೆ. ಸುಳ್ಳಲ್ಲ, ನಿಜವಾಗಿ ಗೊತ್ತೇ ಆಗಿರಲ್ಲ. ಅವರನ್ನ ಕೇಳಬಾರದು, ಅಂಗಾಲು ಮುಟ್ಟಿ ನೋಡಬೇಕು. ಹೊಟ್ಟೆಯೂ ತಣ್ಣಗಿದ್ದು, ಮಾತು ತೊದಲಿ, ಮಂಕಾಗಿ ಕೂತರೆ ಕಷಾಯ ಕಾಯಿಸ್ತಾ ನಿಲ್ಲಬಾರದು, ಆಸ್ಪತ್ರೆಗೆ ಓಡಬೇಕು. ಮೈಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಜೀವಕ್ಕೇ ಅಪಾಯ. ಆದರೆ ವಿಡಿಯೋ ಕಾಲ್‌ನಲ್ಲಿ ಅಂಗಾಲು ಮುಟ್ಟೋ ಸೌಕರ್ಯ ಇನ್ನೂ ಬಂದಿಲ್ಲವಂತೆ.

ಪ್ರಶ್ನೆ: ಮಗ ರೂಮ್ ಹೀಟರ್ ಕಳಿಸಿದ್ದಾರಂತೆ?

ಕಂಬಳಿ: ಎರಡು ಸಾವಿರ ವ್ಯಾಟ್! ಅಜ್ಜ ಒಂದು ಸಂಜೆ ಹಾಕಿ, ಹೊರಗೆ ಹೋಗಿ ಕರೆಂಟ್ ಮೀಟರ್ ನೋಡಿ, ಒಳಗೆ ಬಂದು ಆರಿಸಿದರು. ಈಗ ಅದರ ರಟ್ಟಿನ ಡಬ್ಬದ ಮೇಲೆ ಮಾತ್ರೆ ಡಬ್ಬಿ ಕೂತಿದೆ.

ಪ್ರಶ್ನೆ: ಹಾಗಾದರೆ ಕೆಂಡದ ಅಗ್ಗಿಷ್ಟಿಕೆಯೇ ವಾಸಿ?

ಕಂಬಳಿ: ಥೂ, ಬಿಡ್ತು ಅನ್ನು! ಬಾಗಿಲು ಹಾಕಿ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದೇ ಹೋಗಿದ್ದುಂಟು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿಸಿಕೊಂಡವರದೂ ಅದೇ ಕಥೆ. ಅಜ್ಜಿಯ ಬಿಸಿನೀರಿನ ಚೀಲದ ಮೇಲೂ ನನಗೊಂದು ಕಣ್ಣಿದೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದೆ, ಸುಟ್ಟು ಬೊಬ್ಬೆ ಎದ್ದರೂ ಅವಳಿಗೆ ತಿಳಿಯಲ್ಲ.

ಪ್ರಶ್ನೆ: ಅಜ್ಜನ ವಾಕಿಂಗ್?

ಕಂಬಳಿ: ಕತ್ತಲಿರುವಾಗಲೇ ಮಂಕಿ ಕ್ಯಾಪ್ ಏರಿಸಿ ಹೊರಡ್ತಾರೆ. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತೆ, ಬಿಸಿಲು ಬರಲಿ ಅಂತ ಡಾಕ್ಟರು ಹೇಳಿದ್ದಾರೆ. ಆದರೆ ಪಾರ್ಕಿನ ಬೆಂಚಿನ ಮೇಲೆ ದೇಶ ನಡೆಸೋ ಸಭೆ ಐದೂವರೆಗೇ ಸೇರುತ್ತಲ್ಲ! ತಡವಾಗಿ ಹೋದರೆ ಸರ್ಕಾರ ಬಿದ್ದುಹೋಗಿರುತ್ತೆ. ಮೊಮ್ಮಗನ ಲಸಿಕೆಯ ತಾರೀಕು ಬರೆದಿಟ್ಟುಕೊಂಡು ಫೋನಲ್ಲಿ ವಿಚಾರಿಸುವ ಮನುಷ್ಯ, ತನಗೂ ವರ್ಷಕ್ಕೊಂದು ಫ್ಲೂ ಲಸಿಕೆ ಇದೆ ಅಂದರೆ ನಗ್ತಾರೆ.

ಪ್ರಶ್ನೆ: ಮಕ್ಕಳ ಮೇಲೆ ತಮಗೆ ಸಿಟ್ಟು ಜಾಸ್ತಿ ಅನಿಸುತ್ತದೆ.

ಕಂಬಳಿ: ಒಳ್ಳೇ ಮಕ್ಕಳೇ ಕಣಪ್ಪ. ದುಡ್ಡಿಗೆ ಹಿಂದೆಮುಂದೆ ನೋಡಲ್ಲ, ದಿನಾ ಫೋನ್ ಮಾಡ್ತಾರೆ. ಇವರೂ ದಿನಾ ‘ಚೆನ್ನಾಗಿದೀವಿ’ ಅಂತಾರೆ. ಬಚ್ಚಲಮನೆಯ ಬಲ್ಬು ಹೋಗಿ ದಸರೆಯಿಂದ ಕತ್ತಲು. ಚಳಿಗೆ ಅಜ್ಜ ರಾತ್ರಿ ಮೂರು ಸಲ ಏಳ್ತಾರೆ. ಒದ್ದೆ ಟೈಲ್ಸು, ಸವೆದ ಹವಾಯಿ ಚಪ್ಪಲಿ. ಜಾರಿ ಸೊಂಟದ ಮೂಳೆ ಮುರಿದರೆ ನನ್ನಂಥ ಹತ್ತು ಕಂಬಳಿ ಹೊದಿಸಿ ಏನುಪಯೋಗ? ಬಲ್ಬಿನ ವಿಷಯ ಇವರು ಹೇಳಲ್ಲ. ಹೇಳಿದರೆ ಡಲ್ಲಾಸ್‌ನಿಂದ ಹನ್ನೆರಡು ಬಲ್ಬು ಆರ್ಡರ್ ಆಗಿ ಬಾಗಿಲಿಗೆ ಬರುತ್ತೆ. ಹಾಕೋ ಕೈ ಅದರ ಜೊತೆ ಬರಲ್ಲ.

ಪ್ರಶ್ನೆ: ಕೊನೆಯದಾಗಿ, ಓದುಗರಿಗೆ ತಮ್ಮ ಸಂದೇಶ?

ಕಂಬಳಿ: ಓದುಗರು ಹಾಗಿರಲಿ. ನೀನು ಎಷ್ಟೆತ್ತರ ಇದೀಯ?

ಪ್ರಶ್ನೆ: ಐದಡಿ ಹತ್ತಂಗುಲ. ಯಾಕೆ?

ಕಂಬಳಿ: ಸ್ಟೂಲ್ ಬೇಕಾಗಲ್ಲ ಬಿಡು. ಬಲ್ಬು ಟೀವಿ ಕೆಳಗಿನ ಡ್ರಾಯರ್‌ನಲ್ಲಿದೆ. ಸ್ವಿಚ್ ಆರಿಸಿ ಹಾಕಪ್ಪ. ಹಾಗೇ ಹೋಗ್ತಾ ನನ್ನನ್ನೂ ತಾರಸಿಗೆ ಹೊತ್ತುಬಿಡು.