ರಾಜ್ಯೋತ್ಸವದ ರಾತ್ರಿ 11:59

ನಮ್ಮ ನ್ಯೂಜೆರ್ಸಿ ಕಡೆ ಕನ್ನಡ ರಾಜ್ಯೋತ್ಸವಕ್ಕೆ ಹನ್ನೆರಡನೇ ಕ್ಲಾಸಿನ ಮಕ್ಕಳು ಬರುವುದಿಲ್ಲ. ಅಭಿಮಾನ ಕಡಿಮೆ ಅಂತಲ್ಲ. ಅಮೆರಿಕದ ಬೇಕಾದಷ್ಟು ಕಾಲೇಜುಗಳು ‘ಅರ್ಲಿ’ ಅರ್ಜಿಗೆ ಕೊನೆಯ ದಿನ ಅಂತ ಇಟ್ಟಿರುವುದು ನವೆಂಬರ್ 1ನ್ನು, ರಾತ್ರಿ 11:59ಕ್ಕೆ. ಮಕ್ಕಳನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ರೇಷ್ಮೆ ಸೀರೆ ಉಟ್ಟು ಬಂದ ಅಮ್ಮಂದಿರು ತಾಯಿ ಭುವನೇಶ್ವರಿಗೆ ಕೈ ಮುಗಿಯುತ್ತೇವೆ. ನಾಡು ನುಡಿಯ ಉದ್ಧಾರಕ್ಕೆ ಅಂತ ಸಂಘದ ಅಧ್ಯಕ್ಷರು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ಪಾಪ.

ಈ ಅರ್ಲಿಯಲ್ಲಿ ಬಗೆಗಳಿವೆ. ಅರ್ಲಿ ಆಕ್ಷನ್ ಸಾಧು ಪ್ರಾಣಿ: ಬೇಗ ಹಾಕು, ಬೇಗ ಉತ್ತರ ತಗೊ, ಮೇ 1ರವರೆಗೆ ಯೋಚನೆ ಮಾಡು. ಅರ್ಲಿ ಡಿಸಿಷನ್ ಹಾಗಲ್ಲ. ಒಂದೇ ಒಂದು ಕಾಲೇಜು; ಕರೆದರೆ ಹೋಗಲೇಬೇಕು, ಉಳಿದ ಕಡೆಯ ಅರ್ಜಿಯನ್ನೆಲ್ಲ ವಾಪಸ್ ತಗೋಬೇಕು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳದು ಮೂರನೇ ದಾರಿ. ಬರಲೇಬೇಕು ಅಂತೇನಿಲ್ಲ, ಆದರೆ ಇನ್ನೊಂದು ಖಾಸಗಿ ಕಾಲೇಜಿನ ಅರ್ಲಿ ಕಡೆ ತಿರುಗಿಯೂ ನೋಡಬಾರದು.

ಇದನ್ನು ಫೋನಿನಲ್ಲಿ ಮೈಸೂರಿನ ಅಣ್ಣನ ಮಗನಿಗೆ ವಿವರಿಸಿದೆ. ಸಿಇಟಿ ಆಪ್ಷನ್ ಎಂಟ್ರಿ ಮುಗಿಸಿ ಪಳಗಿದವನು ಅವನು.

“ಅಂದ್ರೆ ನಮ್ಮ ಚಾಯ್ಸ್ ಒನ್ ಅಲ್ವಾ ಅತ್ತೆ? ಸೀಟು ಒಪ್ಪಿಗೆ, ಫೀಸ್ ಕಟ್ಟು, ಕಾಲೇಜಿಗೆ ಹೋಗು.”

“ಅದೇ ಕಣೋ. ಆದ್ರೆ ಇಲ್ಲಿ ಸೀಟು ಸಿಗೋಕೆ ಮುಂಚೆನೇ ಚಾಯ್ಸ್ ಒನ್ ಅನ್ಬೇಕು.”

“ರ‍್ಯಾಂಕ್?”

“ರ‍್ಯಾಂಕೇ ಇಲ್ಲ. ಆರುನೂರೈವತ್ತು ಪದದಲ್ಲಿ ನೀನು ಯಾರು ಅಂತ ಬರೀಬೇಕು.”

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ನಮ್ಮ ಕೆಇಎನೇ ವಾಸಿ ಬಿಡಿ” ಅಂದ.

ನಮ್ಮ ಮನೆಯಲ್ಲಿ ‘ಒಂದೇ ಒಂದು’ ಅನ್ನುವುದನ್ನು ಆರಿಸಬೇಕಾದವನು ಓಕ್ ಟ್ರೀ ರೋಡಿನ ಹೋಟೆಲಿನಲ್ಲಿ ಮಸಾಲೆ ದೋಸೆಯೋ ಸೆಟ್ ದೋಸೆಯೋ ಅಂತ ತೀರ್ಮಾನವಾಗದೆ ವೇಟರನ್ನು ವಾಪಸ್ ಕಳಿಸುವವನು. ಯಾವ ಕಾಲೇಜು ಇಷ್ಟ ಕಣೋ ಅಂದರೆ “ಎಲ್ಲಾ ಓಕೆ ಅಮ್ಮಾ” ಅನ್ನುತ್ತಾನೆ. ಈ ಓಕೆ ಅನ್ನುವ ಮಾತನ್ನು ಯಜಮಾನರು ಎಕ್ಸೆಲ್‌ನಲ್ಲಿ ಎಲ್ಲಿ ತುಂಬಿಸುವುದು?

ಹೌದು, ಎಕ್ಸೆಲ್ ಇದೆ. ಅರ್ಲಿಯಲ್ಲಿ ನೂರಕ್ಕೆ ಎಷ್ಟು ಜನಕ್ಕೆ ಸೀಟು, ಆಮೇಲಿನ ಸುತ್ತಿನಲ್ಲಿ ಎಷ್ಟು, ಮನೆಯಿಂದ ಎಷ್ಟು ಮೈಲಿ, ಜನವರಿಯಲ್ಲಿ ಚಳಿ ಎಷ್ಟು, ಎಲ್ಲಕ್ಕೂ ಕಾಲಂ. ಯಾರೂ ಇಲ್ಲದಾಗ ನಾನೂ ಒಂದು ಸೇರಿಸಿದೆ: ಹತ್ತಿರದ ಇಂಡಿಯನ್ ಅಂಗಡಿ. ಅರ್ಲಿ ಕಾಲಮ್ಮಿನ ಅಂಕಿ ಯಾವಾಗಲೂ ದಪ್ಪ. ಅದನ್ನು ನೋಡಿ ಯಜಮಾನರ ಮುಖ ಅರಳುತ್ತದೆ. ಆ ದಪ್ಪ ಅಂಕಿಯೊಳಗೆ ಕಾಲೇಜು ಟೀಮಿಗೆ ಮೊದಲೇ ಆರಿಸಿಟ್ಟ ಆಟಗಾರರಿದ್ದಾರೆ, ಕೆಲವು ಕಡೆ ಅಪ್ಪ ಅಮ್ಮ ಅಲ್ಲೇ ಓದಿದವರಿದ್ದಾರೆ. ನಮ್ಮವನು ಆಡುವುದು ಚೆಸ್, ಅಪ್ಪ ಓದಿದ್ದು ದಾವಣಗೆರೆಯಲ್ಲಿ.

ಬೇಸಿಗೆಯಲ್ಲಿ ಕ್ಯಾಂಪಸ್ ನೋಡಲು ಹೋಗಿದ್ದೆವು. ಎಲ್ಲಾ ಕಡೆ ಅದೇ ಆಟ. ಒಬ್ಬ ವಿದ್ಯಾರ್ಥಿ ನಮಗೆ ಮುಖ ಕೊಟ್ಟುಕೊಂಡು ಹಿಮ್ಮುಖವಾಗಿ ನಡೆಯುತ್ತಾ ವರ್ಣನೆ ಮಾಡುತ್ತಾನೆ, ನೀಲಿ ದೀಪದ ತುರ್ತು ಫೋನಿನ ಕಂಬ ಬಂದಾಗ ನಿಂತು ತೋರಿಸುತ್ತಾನೆ, ಅಮ್ಮಂದಿರು ತಲೆಯಾಡಿಸುತ್ತಾರೆ. ಅಪ್ಪಂದಿರು ಸಂಶೋಧನೆಯ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಮಕ್ಕಳು ಈ ಅಪ್ಪ ಅಮ್ಮ ಯಾರೋ ಏನೋ ಎನ್ನುವಷ್ಟು ದೂರದಲ್ಲಿ ನಿಂತಿರುತ್ತಾರೆ. ನಮ್ಮವನು ಬಾಯಿ ಬಿಟ್ಟಿದ್ದು ಒಂದೇ ಕಡೆ. “ಹಾಸ್ಟೆಲಲ್ಲಿ ಎಸಿ ಇದೆಯಾ?” ಇಲ್ಲ ಅಂದ ಗೈಡು. ಐವಿ ಲೀಗಿನ ಒಂದು ಸಾಲು ಅಲ್ಲೇ ಅಳಿಸಿಹೋಯಿತು. ಯಜಮಾನರು ಕಾರಿನಲ್ಲಿ ಪೆನ್ಸಿಲ್ವೇನಿಯಾ ದಾಟುವವರೆಗೂ ಮಾತಾಡಲಿಲ್ಲ.

ಕಾಲೇಜುಗಳಿಗೆ ಅರ್ಲಿ ಯಾಕೆ ಬೇಕು ಅನ್ನುವುದು ಗುಟ್ಟೇನಲ್ಲ. ಅರ್ಲಿ ಡಿಸಿಷನ್ ಆದರೆ ಕರೆದ ಹುಡುಗ ಬಂದೇ ಬರುತ್ತಾನೆ, ಸೀಟು ಖಾಲಿ ಉಳಿಯುವ ಭಯವಿಲ್ಲ. ಕೆಲವು ಕಡೆ ಅರ್ಧದಷ್ಟು ಸೀಟು ಇಲ್ಲೇ ಭರ್ತಿ. ಇದು ಉಳ್ಳವರ ಮಕ್ಕಳಿಗೇ ಅನುಕೂಲ ಅಂತ ಹಾರ್ವರ್ಡ್, ಪ್ರಿನ್ಸ್‌ಟನ್‌ಗಳು 2006ರಲ್ಲಿ ಅರ್ಲಿಯನ್ನೇ ಕೈಬಿಡುವುದಾಗಿ ಘೋಷಿಸಿದ್ದವು. 2011ರಲ್ಲಿ ಮತ್ತೆ ತಂದವು. ಎದುರಿನ ಅಂಗಡಿ ಬೆಳಗ್ಗೆ ಆರಕ್ಕೇ ಬಾಗಿಲು ತೆಗೆದರೆ ನಮ್ಮ ಶೆಟ್ಟರು ಎಷ್ಟು ದಿನ ಅಂತ ಹತ್ತಕ್ಕೆ ತೆಗೆದಾರು?

ದುಡ್ಡಿನ ಮಾತು ಬೇರೆ. ಹೆಸರಾಂತ ಖಾಸಗಿ ಕಾಲೇಜಿನಲ್ಲಿ ಊಟ ವಸತಿ ಸೇರಿ ವರ್ಷಕ್ಕೆ 90,000 ಡಾಲರಿನ ಆಸುಪಾಸು. ನಾಲ್ಕು ಕಡೆಯ ಸಹಾಯಧನದ ಪತ್ರ ಪಕ್ಕಪಕ್ಕ ಇಟ್ಟು ಚೌಕಾಸಿ ಮಾಡುವ ಹಕ್ಕನ್ನು ಅರ್ಲಿ ಡಿಸಿಷನ್ ಕಿತ್ತುಕೊಳ್ಳುತ್ತದೆ. ಬೆಂಡೆಕಾಯಿ ತುದಿ ಮುರಿಯದೆ ಕೊಂಡವಳಲ್ಲ ನಾನು. ಆದರೂ ಅಕ್ಟೋಬರ್ ಬಂದಾಗ ಒಂದು ದಿನ ನಾನೇ ಅಂದೆ, ಯಾವುದಾದರೂ ಒಂದಕ್ಕೆ ಹಾಕಿಬಿಡೋಣ ರೀ, ಡಿಸೆಂಬರ್ ನಡುವಿಗೆ ಉತ್ತರ ಬಂದರೆ ಕ್ರಿಸ್‌ಮಸ್ ರಜಕ್ಕೆ ಊರಿಗೆ ಹೋಗಬಹುದು. ಅರ್ಲಿ ಡಿಸಿಷನ್ ಮಕ್ಕಳ ಒಲವಿನ ವಿಚಾರ ಅಂತ ಕಾಲೇಜಿನವರು ಹೇಳುತ್ತಾರೆ. ನನಗಂತೂ ಅದು ಅಪ್ಪ ಅಮ್ಮನ ನಿದ್ದೆಯ ವಿಚಾರ ಅನ್ನಿಸುತ್ತದೆ. ಹುಡುಗ ಹೇಗಿದ್ದರೂ ಗೊರಕೆ ಹೊಡೆಯುತ್ತಿದ್ದ.

ಕೊನೆಗೆ ತಡೆದದ್ದು ಸಹಿ. ಅರ್ಲಿ ಡಿಸಿಷನ್ ಒಪ್ಪಂದಕ್ಕೆ ವಿದ್ಯಾರ್ಥಿಯದು, ಶಾಲೆಯ ಕೌನ್ಸೆಲರದು, ಜೊತೆಗೆ ತಂದೆ ಅಥವಾ ತಾಯಿಯದು ಬೇಕು. ಮನೆ ಸಾಲದ ಕಟ್ಟಿಗೆ ಕಾಫಿ ಕುಡಿಯುತ್ತಲೇ ಸಹಿ ಎಳೆದ ಯಜಮಾನರು ಈ ಒಂದು ಪುಟವನ್ನು ಕನ್ನಡಕ ಬದಲಿಸಿ ಓದಿದರು. “ನೀನು ಹಾಕು” ಅಂದರು. “ನೀವೇ ಹಾಕಿ, ಎಕ್ಸೆಲ್ ನಿಮ್ಮದು” ಅಂದೆ. ಮಗ ಹೆಡ್‌ಫೋನ್ ತೆಗೆದು, “ನಾನು ರಟ್ಗರ್ಸ್ ಸೇರಿ ನಾಲ್ಕಕ್ಕೆ ಅರ್ಲಿ ಆಕ್ಷನ್ ಹಾಕ್ದೆ. ಅದಕ್ಕೆ ನಿಮ್ಮ ಸೈನ್ ಬೇಡ” ಅಂದ. ಯಾವಾಗ ಹಾಕಿದೆಯೋ ಅಂದರೆ, ನಾವು ರಾಜ್ಯೋತ್ಸವಕ್ಕೆ ಸೀರೆ ಇಸ್ತ್ರಿ ಮಾಡುತ್ತಿದ್ದಾಗಲಂತೆ.

ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಬೆಳಗ್ಗೆ ಎದ್ದು ನೋಡಿದರೆ ಯಜಮಾನರು ಆಗಲೇ ಮೇಜಿನ ಮುಂದೆ ಕೂತಿದ್ದಾರೆ. ಜನವರಿಯಲ್ಲಿ ಅರ್ಲಿ ಡಿಸಿಷನ್ ಎರಡನೇ ಸುತ್ತು ಅಂತ ಬೇರೆ ಇದೆಯಂತೆ. ಎಸಿಗೂ ಒಂದು ಕಾಲಂ ಹಾಕಿದ್ದಾರೆ.