ಮಿಂಚಿ ಹೋದ ಹೋಸ್ಟ್

ಓಎಲ್ಇಡಿ ಪರದೆಯಲ್ಲಿ ಬೆಳಕು ಕೊಡುವ ಅಣುಗಳನ್ನು ಒತ್ತೊತ್ತಾಗಿ ಕೂರಿಸಿದರೆ ಒಂದನ್ನೊಂದು ನಂದಿಸುತ್ತವೆ. ಅದಕ್ಕೇ ನೂರಕ್ಕೆ ಐದೋ ಹತ್ತೋ ಪಾಲು ಅವನ್ನು ಬೆರೆಸಿ, ಉಳಿದ ಜಾಗವನ್ನೆಲ್ಲ ಹೋಸ್ಟ್ ಎಂಬ ಇನ್ನೊಂದು ವಸ್ತುವಿನಿಂದ ತುಂಬುತ್ತಾರೆ. ಎಲೆಕ್ಟ್ರಾನನ್ನೂ ಅದು ಬಿಟ್ಟುಹೋದ ಖಾಲಿ ಜಾಗವಾದ ಹೋಲನ್ನೂ ಹೊತ್ತು ತರುವುದು, ಶಕ್ತಿಯನ್ನು ಗೆಸ್ಟ್ ಎಂಬ ಆ ಬೆಳಕಿನ ಅಣುವಿಗೆ ದಾಟಿಸುವುದು, ತಾನು ಮಾತ್ರ ತೆಪ್ಪಗಿರುವುದು: ಹೋಸ್ಟ್ ಕೆಲಸ ಇಷ್ಟೇ. ತೆಪ್ಪಗಿರುವುದು ನಮ್ಮ ವಂಶದಲ್ಲೇ ಯಾರಿಗೂ ಬಂದದ್ದಲ್ಲ, ಅಂಥವನು ಪಿಎಚ್.ಡಿ.ಗೆ ಈ ವಿಷಯ ಆರಿಸಿಕೊಂಡೆ.

ನೀಲಿ ಎಲ್ಲರಿಗೂ ತಲೆನೋವು. ಫಿರ್ಪಿಕ್ ಎಂಬ ನೀಲಿ ಗೆಸ್ಟ್‌ನ ಟ್ರಿಪ್ಲೆಟ್ ಶಕ್ತಿ, ಅಂದರೆ ಬೆಳಕಾಗುವ ಮುನ್ನ ಶಕ್ತಿ ಬಂದು ನಿಲ್ಲುವ ಕೆಳಗಿನ ಮೆಟ್ಟಿಲು, ಸುಮಾರು 2.65 ಎಲೆಕ್ಟ್ರಾನ್ ವೋಲ್ಟ್. ಹಳೆಯ ಹೋಸ್ಟ್ ಸಿಬಿಪಿಯದು 2.56ರಷ್ಟು. ಹೋಸ್ಟ್ ಕೆಳಗಿದ್ದರೆ ಕೊಟ್ಟ ಶಕ್ತಿ ವಾಪಸ್ ಅದಕ್ಕೇ ಇಳಿದುಬಿಡುತ್ತದೆ. ಎಂಸಿಪಿ ಎಂಬ ಇನ್ನೊಂದು ಹೋಸ್ಟಿನದು 2.9, ಭೇಷ್, ಆದರೆ 60 ಡಿಗ್ರಿ ಆಸುಪಾಸಿಗೇ ಅದರ ಗಾಜಿನಂಥ ಪದರ ಮೆತ್ತಗಾಗುತ್ತದೆ. ಇಬ್ಬರ ಕೊರತೆಯನ್ನೂ ನೀಗಿಸುವ ಅಣು ನನ್ನ ಕೈಯಿಂದಲೇ ಆಗಬೇಕೆಂದು ಹಣೆಯಲ್ಲಿ ಬರೆದಿದೆ ಅಂದುಕೊಂಡೆ.

ಹೋಲ್ ಸಾಗಿಸಲು ಕಾರ್ಬಜೋಲ್, ಎಲೆಕ್ಟ್ರಾನ್ ಸಾಗಿಸಲು ಟ್ರಯಜೀನ್, ಗಟ್ಟಿಯಾಗಿರಲಿ ಅಂತ ನಡುವೆ ಪ್ಯಾರಾ ಜೋಡಣೆಯಲ್ಲಿ ಬೆಂಜೀನ್ ಉಂಗುರಗಳ ಸಾಲು. “ಮೊದಲು ಕಂಪ್ಯೂಟರಲ್ಲಿ ಟ್ರಿಪ್ಲೆಟ್ ಲೆಕ್ಕ ಹಾಕ್ಸೋ” ಅಂದಳು ಪಕ್ಕದ ಬೆಂಚಿನ ಗೆಳತಿ. ಸರ್ವರ್‌ನಲ್ಲಿ ಉದ್ದ ಕ್ಯೂ. “ನೋಡಿದ್ರೇ ಗೊತ್ತಾಗಲ್ವಾ?” ಅಂದೆ.

ಸಿಲಿಕಾ ಕಾಲಮ್‌ನಿಂದ ತೊಟ್ಟು ತೊಟ್ಟಾಗಿ ಇಳಿದದ್ದನ್ನು ಒಣಗಿಸಿ, ಬಿಳಿ ಪುಡಿಯನ್ನು ಯುವಿ ದೀಪದಡಿ ಹಿಡಿದರೆ, ಆಹಾ! ಶೀಶೆ ತುಂಬ ಕಣ್ಣು ಕೋರೈಸುವ ನೀಲಿ. ಫೋಟೋ ಮನೆಯ ವಾಟ್ಸಾಪ್ ಗುಂಪಿಗೆ ಹೋಯಿತು. ಅಮ್ಮ ಸ್ಟೇಟಸ್ ಹಾಕಿಕೊಂಡರು. “ದೀಪಾವಳಿಗೆ ಒಂದು ಸರ ಮಾಡ್ಕೊಡೋ” ಎಂದು ಸೋದರಮಾವ ಆರ್ಡರ್ ಕೊಟ್ಟರು.

ಗೈಡ್ ಶೀಶೆ ನೋಡಿದರು. ದೀಪ ಆರಿಸಿದರು. “ಅಲ್ಲಯ್ಯಾ, ಹೋಸ್ಟ್ ಯಾಕೆ ಇಷ್ಟು ಮಿಂಚ್ತಿದೆ?”

ಆಗ ತಲೆಗೆ ಹತ್ತಿತು. ಅಷ್ಟು ಚೆನ್ನಾಗಿ ಕಾಣುವ ನೀಲಿ ಎಂದರೆ ಸಿಂಗ್ಲೆಟ್ ಎಂಬ ಮೇಲಿನ ಮೆಟ್ಟಿಲು 2.8ರ ಆಸುಪಾಸು, ಟ್ರಿಪ್ಲೆಟ್ ಅದಕ್ಕೂ ಕೆಳಗೆ. ನೀಲಿಗೆ ಒದಗುವ ಹೋಸ್ಟ್ ಬಹುಪಾಲು ಕಣ್ಣಿಗೆ ಕಾಣದ ನೇರಳಾತೀತದಲ್ಲೇ ಹೊಳೆದು ಸುಮ್ಮನಾಗಬೇಕು. ನನ್ನದೋ, ಮದುಮಗಳಿಗಿಂತ ಹೆಚ್ಚು ಜರಿ ಉಟ್ಟು ಮಂಟಪ ಹತ್ತಿದ ಚಿಕ್ಕಮ್ಮ! ಪ್ಯಾರಾ ಸಾಲಿನುದ್ದಕ್ಕೂ ಎಲೆಕ್ಟ್ರಾನುಗಳು ಹರಡಿಕೊಂಡು ಶಕ್ತಿಯನ್ನು ತಗ್ಗಿಸಿದ್ದವು. ಎಂಸಿಪಿ ಮೆಟಾ ಜೋಡಣೆಯಿಂದ ತಡೆಯುವುದು ಇದನ್ನೇ.

ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಅಳೆದಾಗ ಟ್ರಿಪ್ಲೆಟ್ 2.4. “ಚಳಿಗೆ ಕುಗ್ಗಿರಬಹುದಾ ಸರ್?” ಎಂದು ಕೇಳಿ ಬೈಸಿಕೊಂಡೆ. ಹಠ ಬಿಡದೆ ಫಿರ್ಪಿಕ್ ಸೇರಿಸಿ ಡಿವೈಸ್ ಮಾಡಿದೆ. ಲ್ಯಾಬಿನ ದೀಪಗಳನ್ನೆಲ್ಲ ಆರಿಸಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಇಬ್ಬರೂ ಬಗ್ಗಿ ನೋಡಿದೆವು. “ಉರೀತಿದೆಯಾ?” ಅಂದಳು ಗೆಳತಿ. “ಮೀಟರ್ ಹಾಗಂತಿದೆ” ಅಂದೆ.

ಕೊನೆಗೆ ಕಾಪಾಡಿದ್ದು ಕೆಂಪು. 2.0ರ ಕೆಂಪು ಗೆಸ್ಟ್‌ಗೆ 2.4 ಧಾರಾಳ ಸಾಕು. ‘ಕೆಂಪು ಓಎಲ್ಇಡಿಗಾಗಿ ಉದ್ದೇಶಪೂರ್ವಕವಾಗಿ ವಿನ್ಯಾಸಗೊಳಿಸಿದ ಹೋಸ್ಟ್’ ಎಂದು ಪ್ರಬಂಧದಲ್ಲಿ ಗತ್ತಾಗಿ ಬರೆದೆ. ಗೈಡ್ ಇಡೀ ಅಧ್ಯಾಯ ಒಪ್ಪಿ, ‘ಉದ್ದೇಶಪೂರ್ವಕವಾಗಿ’ ಎಂಬುದನ್ನಷ್ಟೇ ಹೊಡೆದುಹಾಕಿದರು.